ಮಾವ ಕೊರೆದ ಸೀಳು

ನಮ್ಮ ಮಾವನಿಗೆ ದೆವ್ವ ಹಿಡಿದಿದೆ ಎಂದು ಹೊಸಪೇಟೆಯಲ್ಲಿ ಮೊದಲು ಹೇಳಿದವಳು ನಾನಲ್ಲ. ಆದರೆ ಅದನ್ನು ನಂಬಿದವರ ಪೈಕಿ ಕಂಪ್ಯೂಟರ್ ಕಲಿತವಳು ನಾನೊಬ್ಬಳೇ!

ಮಾವ ಎಂದರೆ ನನ್ನ ತಾಯಿಯ ಅಣ್ಣ. ಸಂಡೂರಿನ ರಸ್ತೆಯಿಂದ ಒಳಕ್ಕೆ ತಿರುಗಿ ಅದಿರಿನ ರಾಶಿ ಹಾಕುವ ಬಯಲಿಗೆ ಹೋಗುವ ಮಣ್ಣಿನ ದಾರಿಯಿದೆಯಲ್ಲ, ಅದರ ಈ ಬದಿಗೆ ಅವರ ಶೆಡ್ಡು, ಆ ಬದಿಗೆ ಅವರ ಮನೆ. ಮೊದಲು ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ಭತ್ತ ಜಾರುವ ತಗಡಿನ ದೋಣಿ ಮಾಡಿಕೊಡುತ್ತಿದ್ದರು. ಆಮೇಲೆ ಗಣಿ ಜೋರಾಯಿತು. ಊರಿನ ಎಲೆ ಕೆಂಪು, ಎಮ್ಮೆ ಕೆಂಪು, ಒಗೆದು ಹರವಿದ ಪಂಚೆ ಕೆಂಪು! ಮಾವ ಟಿಪ್ಪರ್ ಲಾರಿಗಳ ತಗಡಿನ ಕೆಲಸಕ್ಕೆ ಇಳಿದರು. ಒಂದು ಕಂಪ್ಯೂಟರ್ ತಂದರು. ಅದನ್ನು ಮುಟ್ಟಲು ಹೆದರಿಕೆಯಾಗಿ, ಆಗಷ್ಟೇ ಡಿಪ್ಲೊಮಾ ಮುಗಿಸಿದ್ದ ನನ್ನನ್ನೂ ತಂದರು.

ನನ್ನ ಕೆಲಸ ಸರಳ. ತಗಡಿನ ಭಾಗವನ್ನು ಮಡಚಿದ ರೂಪದಲ್ಲಿ ತೆರೆಯ ಮೇಲೆ ಬರೆಯಬೇಕು. ಒಂದು ಗುಂಡಿ ಒತ್ತಿದರೆ ಅದು ಮಡಿಕೆಗಳನ್ನೆಲ್ಲ ತಾನೇ ಬಿಡಿಸಿಕೊಂಡು ಚಪ್ಪಟೆಯಾಗಿ ಮಲಗುತ್ತದೆ. ಆ ನಕ್ಷೆಯ ಪ್ರಕಾರ ಶೀಟು ಕತ್ತರಿಸಿ ಮತ್ತೆ ಮಡಚಿದರೆ ಭಾಗ ತಯಾರು. ಇದನ್ನು ಮೊದಲ ಸಲ ನೋಡಿದ ದಿನ ಮಾವ ಚಪ್ಪಲಿ ಕಳಚಿ ಹಿಂದೆ ಸರಿದು ನಿಂತರು.

"ಅದು ತಾನ ಬಿಚ್ಚಿಕೊಂತಲ್ಲವಾ! ಒಳಗ ಯಾರದಾರ?"

"ಯಾರೂ ಇಲ್ರಿ ಮಾವಾ, ಲೆಕ್ಕ ಅಷ್ಟ."

"ಲೆಕ್ಕಕ್ಕ ಕೈ ಇರ್ತಾವೇನು?" ಎಂದು ಗೊಣಗಿದರು. ಅಂದಿನಿಂದ ತೆರೆಗೆ ಬೆನ್ನು ತೋರಿಸಿ ಕೂರುತ್ತಿರಲಿಲ್ಲ.

ಅವರ ಹಳೆಯ ಪದ್ಧತಿಯೇ ಬೇರೆ. ಯಾವ ಭಾಗವನ್ನಾದರೂ ಮೊದಲು ಲಗ್ನಪತ್ರಿಕೆಯಲ್ಲಿ ಮಡಚಿ ನೋಡುತ್ತಿದ್ದರು. ಆ ರಟ್ಟು ತಗಡಿನ ಹಾಗೆಯೇ ಮಡಿಕೆ ಹಿಡಿಯುತ್ತದಂತೆ. ಹೀಗಾಗಿ ಮನೆಗೆ ಬಂದ ಪತ್ರಿಕೆಗಳನ್ನು ಓದುವ ಮೊದಲೇ ಮಡಚುತ್ತಿದ್ದರು. ಎಮ್ಮಿಗನೂರಿನ ಬೀಗರ ಮನೆಯ ಮದುವೆಯ ದಿನ ಆ ಮದುವೆಯ ಪತ್ರಿಕೆ ಟಿಪ್ಪರಿನ ಹಿಂಬಾಗಿಲಾಗಿ ನಮ್ಮ ಶೆಡ್ಡಿನ ಕಿಟಕಿಯಲ್ಲಿ ಕುಳಿತಿತ್ತು. ಮದುವೆಗೆ ಯಾಕೆ ಬರಲಿಲ್ಲವೆಂದು ಬೀಗರು ಸಿಟ್ಟಾಗಿ ಬಂದು ಕೇಳಿದರೆ ಇವರು ಆ ಹಿಂಬಾಗಿಲನ್ನೇ ಅವರ ಕೈಗಿಟ್ಟು, "ಎಷ್ಟು ಮಸ್ತ್ ಕುಂತೈತಿ ನೋಡ್ರಿ!" ಎನ್ನಬೇಕೆ?

ಇಷ್ಟಕ್ಕೆ ಯಾರೂ ಹೆದರುವುದಿಲ್ಲ, ಒಪ್ಪುತ್ತೇನೆ. ಹೆದರಿಕೆಯ ಸಂಗತಿ ಅವರ ನೋಟ. ಎದುರಿಗೆ ಕೂತವರನ್ನು ತಲೆಯಿಂದ ಪಾದದವರೆಗೆ ನಿಧಾನಕ್ಕೆ ನೋಡುತ್ತಿದ್ದರು, ಮನಸ್ಸಿನಲ್ಲೇ ಅವರ ಮಡಿಕೆಗಳನ್ನು ಬಿಡಿಸುತ್ತಿದ್ದರು! ಒಮ್ಮೆ ದಪ್ಪಗಿನ ಲಾರಿ ಮಾಲೀಕರೊಬ್ಬರನ್ನು ಬಹಳ ಹೊತ್ತು ನೋಡಿ ನನ್ನ ಕಿವಿಯಲ್ಲಿ, "ಇವ್ರಿಗೆ ಎಂಟಡಿ-ನಾಕಡಿ ಶೀಟು ಒಂದು ಸಾಲಂಗಿಲ್ಲ ನೋಡು" ಎಂದರು. ನನಗೆ ನಗು ಬಂತು. ಆಮೇಲೆ ಅದೇ ಕಣ್ಣು ನನ್ನ ಕಡೆ ತಿರುಗಿದಾಗ ನಗು ನಿಂತಿತು.

ಶೀಟು ಬಂದರೆ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದರು. ಕೆಲವನ್ನು ವಾಪಸ್ ಕಳಿಸುತ್ತಿದ್ದರು. "ಇದು ಮೂಕ ಐತಿ, ಬ್ಯಾಡ." ಮೂಕ ತಗಡಂತೆ! ಹಾಗಾದರೆ ಮಿಕ್ಕವು ಏನು ಮಾತಾಡುತ್ತವೆ?

ಎಲ್ಲಕ್ಕಿಂತ ವಿಚಿತ್ರ ಮಧ್ಯಾಹ್ನ ಒಂದು ಗಂಟೆ. ಸರಿಯಾಗಿ ಒಂದಕ್ಕೆ ಮಾವ ಕೈ ಎತ್ತುತ್ತಿದ್ದರು. ಕತ್ತರಿಸುವ ಮೆಷೀನು, ಮಡಚುವ ಮೆಷೀನು, ಫ್ಯಾನು, ಕೆಲಸಗಾರರ ಮಾತು, ಎಲ್ಲವೂ ಬಂದ್. ಮಾವ ಬಾಗಿಲಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಹೊತ್ತಿಗೆ ಯಾರೂ ಬಾಗಿಲ ಹತ್ತಿರ ಹೋಗುವಂತಿಲ್ಲ. ತುಟಿ ಅಲ್ಲಾಡುತ್ತಿದ್ದವು, ಮಂತ್ರವೋ ಎಣಿಕೆಯೋ ತಿಳಿಯದು. ಐದು ನಿಮಿಷಕ್ಕೆ ಊಟದ ಡಬ್ಬಿ ಹಿಡಿದು ಅತ್ತೆ ಒಳಗೆ ಬರುತ್ತಿದ್ದರು. ಮಾವ ಉಸಿರು ಬಿಟ್ಟು, ಏನೂ ನಡೆದಿಲ್ಲವೆಂಬಂತೆ, "ಇವತ್ತೇನು ಪಲ್ಯ?" ಎನ್ನುತ್ತಿದ್ದರು.

ಅತ್ತೆಯೂ ಕಡಿಮೆಯವರಲ್ಲ. ಮಾತಾಡುವಾಗ ನನ್ನ ಮುಖ ಬಿಟ್ಟು ಭುಜದ ಹಿಂದೆ ನೋಡುತ್ತಿದ್ದರು. ಹಿಂದೆ ಯಾರಿದ್ದಾರೆಂದು ನಾನು ಎಷ್ಟು ಸಲ ತಿರುಗಿದ್ದೇನೋ! ಕೂತಲ್ಲಿಂದಲೇ, "ಎರಡು ಗಾಡಿ ಬರಾಕ ಹತ್ಯಾವು. ಮುಂದಿಂದು ತುಂಬೈತಿ, ಹಿಂದಿಂದು ಖಾಲಿ" ಎನ್ನುತ್ತಿದ್ದರು. ಒಂದು ನಿಮಿಷಕ್ಕೆ ಹಾಗೆಯೇ ಎರಡು ಲಾರಿ ಬರುತ್ತಿದ್ದವು. ಗಂಡ-ಹೆಂಡತಿ ಇಬ್ಬರಿಗೂ ಏನೋ ಹಿಡಿದಿದೆ ಎಂದು ನಾನು ತೀರ್ಮಾನಿಸಿದ್ದು ಆಗಲೇ.

ಇನ್ನು ಸೀಳಿನ ವಿಷಯ. ಅದಿರಿನ ಕಲ್ಲು ಡ್ರೈವರನ ತಲೆಯ ಮೇಲೆ ಬೀಳದ ಹಾಗೆ ಲಾರಿಯ ಮುಂಭಾಗಕ್ಕೆ ತಗಡಿನ ಗಾರ್ಡ್ ಹಾಕುತ್ತಾರೆ. ಅದರ ಅಂಚನ್ನು ಒಳಕ್ಕೆ ಮಡಚಿದರೆ ಟೊಳ್ಳು ಪಟ್ಟಿಯಾಗುತ್ತದೆ. ಆ ಪಟ್ಟಿಯಲ್ಲಿ ಬೆರಳುದ್ದದ ಒಂದು ಸೀಳು ಕೊರೆಯಬೇಕೆಂದು ಮಾವನ ಹಟ. ಬೋಲ್ಟು ಹಾಕಲಲ್ಲ, ನೀರು ಹೋಗಲೂ ಅಲ್ಲ. ಯಾಕೆಂದರೆ, "ಇರ್ಲಿ ಬಿಡವಾ." ಆ ದಾರಿಯಲ್ಲಿ ಓಡಾಡುವ ಯಾರ ಲಾರಿಯಾದರೂ ಸರಿ, ಮಾವ ನಿಲ್ಲಿಸಿ ಪುಕ್ಕಟೆಯಾಗಿ ಗಾರ್ಡ್ ಕೂರಿಸಿ ಕಳಿಸುತ್ತಿದ್ದರು. ಇಂಥ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಲಾರಿ ವೇಗ ಹಿಡಿದರೆ ಗಾಳಿ ಆ ಸೀಳಿಗೆ ಬಡಿದು ಅಳುತ್ತಿತ್ತು. ತುಂಬಿದ ಲಾರಿ ನಿಧಾನಕ್ಕೆ ನರಳುತ್ತಿತ್ತು, ಖಾಲಿ ಲಾರಿ ಕಿರುಚುತ್ತಿತ್ತು. ಕೆಂಪು ಧೂಳಿನಲ್ಲಿ ಲಾರಿ ಕಾಣುತ್ತಿರಲಿಲ್ಲ, ಅಳು ಮಾತ್ರ ಬರುತ್ತಿತ್ತು. ಹಗಲು ಹೊತ್ತಿನಲ್ಲೇ ಮೈ ಝುಮ್ಮೆನ್ನುತ್ತಿತ್ತು. ಡ್ರೈವರುಗಳು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಕೊನೆಗೆ ಆ ದಪ್ಪಗಿನ ಮಾಲೀಕರೇ ಬಂದರು.

"ಏನ್ರೀ, ನನ್ನ ಗಾಡಿ ಹೆಣದ ಮುಂದ ಅತ್ತಂಗ ಅಳ್ತಾವು! ಡ್ರೈವರ್ಸ್ ಗಾಡಿ ಹತ್ತವಲ್ರು. ಹೊಸಾ ಐದು ಗಾರ್ಡ್‌ನಾಗ ಈ ಸೀಳು ಇದ್ರ ನನ್ನ ತಗಡಿನ ಕೆಲಸ ಎಲ್ಲಾ ಬ್ಯಾರೆ ಕಡೆ ಕೊಡ್ತೀನಿ."

ಮಾವ ಕಣ್ಣಲ್ಲೇ ಅವರ ಸೊಂಟದ ಮಡಿಕೆಗಳನ್ನು ಬಿಡಿಸುತ್ತಾ ಕೂತರು.

ಸಂಜೆ ನಾನೇ ನಕ್ಷೆಯಿಂದ ಸೀಳನ್ನು ಅಳಿಸಿದೆ. ಬೆಳಿಗ್ಗೆ ಬಂದು ನೋಡಿದರೆ ಸೀಳು ಇದ್ದಲ್ಲೇ ಇದೆ! ಮತ್ತೆ ಅಳಿಸಿದೆ. ಮರುದಿನ ಮತ್ತೆ ಇತ್ತು, ಅದೇ ಜಾಗ, ಅದೇ ಅಳತೆ. ಮಾವನಿಗೋ ಮೌಸು ಹಿಡಿಯಲೂ ಬಾರದು. ಹಾಗಾದರೆ ಕೊರೆದವರು ಯಾರು? ಒಳಗೆ ಯಾರಿದ್ದಾರೆ ಎಂದು ಮಾವ ಕೇಳಿದ್ದು ನೆನಪಾಯಿತು. ಭಾನುವಾರ ಹಂಪಿಗೆ ಹೋಗಿ ವಿರೂಪಾಕ್ಷನ ವಿಭೂತಿ ತಂದು ಕಂಪ್ಯೂಟರಿನ ಹಣೆಗೆ ಮೂರು ಗೆರೆ ಎಳೆದೆ. ಡಿಪ್ಲೊಮಾ ಕೊಟ್ಟವರು ನೋಡಿದ್ದರೆ ವಾಪಸ್ ಕಿತ್ತುಕೊಳ್ಳುತ್ತಿದ್ದರು!

ಮಾವ ನೋಡಿ, "ಜ್ವರ ಬಂದೈತೇನು ಇದಕ್ಕ?" ಎಂದರು.

ಆ ವಾರ ಗಿರಣಿಯ ಅಳತೆಗೆಂದು ಮಾವ ಎರಡು ದಿನ ಕಂಪ್ಲಿಗೆ ಹೋದರು. ನಾನು ಸೀಳನ್ನು ಅಳಿಸಿದೆ, ಅಳಿಸಿದ ಕೈಯಲ್ಲೇ ನಕ್ಷೆಯ ಪ್ರಿಂಟು ತೆಗೆದು ಐದೂ ಗಾರ್ಡ್ ಮಾಡಿಸಿ ಲಾರಿಗಳಿಗೆ ಕೂರಿಸಿಬಿಟ್ಟೆ. ಎರಡನೆಯ ದಿನದ ಬೆಳಿಗ್ಗೆ ಐದು ಲಾರಿಗಳೂ ಅಳದೆ ಹೋದವು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅಂದು ಮಧ್ಯಾಹ್ನ ಒಂದಕ್ಕೆ ರೂಢಿಯಂತೆ ಮೆಷೀನುಗಳು ನಿಂತವು; ತಡೆಯುವವರಿಲ್ಲದ್ದರಿಂದ, ನಾನು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಊಟ ತರುತ್ತಿದ್ದ ಅತ್ತೆ ದಾರಿಯ ಆಚೆ ಬದಿಯಲ್ಲಿ ಡಬ್ಬಿ ಹಿಡಿದು, ತಲೆ ಓರೆ ಮಾಡಿ ನಿಂತಿದ್ದರು. ಒಂದು ಲಾರಿ ನರಳುತ್ತಾ ಹೋಯಿತು. ಇನ್ನೊಂದು ಕಿರುಚುತ್ತಾ ಹೋಯಿತು. ಧೂಳು ಕವಿಯಿತು. ಅತ್ತೆ ಕೇಳಿಸಿಕೊಂಡರು, ನಂತರ ಕಾಲು ಮುಂದಿಟ್ಟರು. ಆ ಧೂಳಿನೊಳಗಿಂದ ಅಳದ ಲಾರಿಯೊಂದು ಅವರ ಮೇಲೆಯೇ ಬಂತು.

ನಾನು ಕೂಗಿದೆ. ಬ್ರೇಕು ಚೀರಿತು. ಡಬ್ಬಿ ಹಾರಿ ಚರಂಡಿಗೆ ಬಿತ್ತು, ಅತ್ತೆ ಹಿಂದಕ್ಕೆ ಬಿದ್ದರು. ಓಡಿಹೋಗಿ ಎಬ್ಬಿಸಿದೆ. ಮೊಣಕೈ ತರಚಿತ್ತು, ಅಷ್ಟೇ. ಲಾರಿಯ ಮೂತಿ ಒಂದು ಗೇಣು ದೂರದಲ್ಲಿತ್ತು. ಅತ್ತೆ ಅದರ ಕಡೆ ನೋಡಲೇ ಇಲ್ಲ. ಕೈ ಚಾಚಿ ನನ್ನ ಮುಖ ತಡವಿ, "ಇದು ಯಾಕ ಹಾಡ್ಲಿಲ್ಲವಾ?" ಎಂದರು.

ಆಗ ಅವರ ಕಣ್ಣು ನೋಡಿದೆ. ಇಷ್ಟು ದಿನ ಕಂಡಿದ್ದೆ, ನೋಡಿರಲಿಲ್ಲ.

ಸಂಜೆ ಮಾವ ಬಂದಾಗ ಅಳುತ್ತಾ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಕಂಪ್ಯೂಟರಿನ ಮುಂದೆ ಕೂತು, ಕೀಬೋರ್ಡಿನ ಕೆಳಗಿನಿಂದ ಮಡಿಕೆ ಬಿಡಿಸಿಟ್ಟಿದ್ದ ಎಮ್ಮಿಗನೂರಿನ ಆ ಲಗ್ನಪತ್ರಿಕೆಯನ್ನು ಎಳೆದರು. ಅದರ ಹಿಂಬದಿಯಲ್ಲಿ, ಇಂಗ್ಲಿಷ್ ಬಾರದ ಮಾವ, ಒತ್ತಬೇಕಾದ ಗುಂಡಿಗಳ ಚಿತ್ರಗಳನ್ನೇ ಸಾಲಾಗಿ ಬರೆದುಕೊಂಡಿದ್ದರು. ಒಂದೇ ಬೆರಳಿನಿಂದ ನಕ್ಷೆಯಲ್ಲಿ ಸೀಳು ಕೊರೆದರು.

"ಇದೊಂದ ಕಲ್ತೀನಿ. ನಸುಕಿನ್ಯಾಗ ಬಂದು ಮಾಡ್ತಿದ್ದೆ" ಎಂದರು. "ಆಕಿಗೆ ಬೆಳಕು-ನೆರಳು ಬಿಟ್ರ ಏನೂ ಕಾಣಂಗಿಲ್ಲ, ಅದನ್ನ ಯಾರಿಗೂ ಹೇಳಗೊಟ್ಟಿಲ್ಲ. ಕಣ್ಣಿನ ನರ ಒಣಗ್ಯಾವಂತ, ಆಪರೇಷನ್ ಆಗಂಗಿಲ್ಲ ಅಂದ್ರು ಡಾಕ್ಟ್ರು."

"ಕೈ ಹಿಡಿದು ದಾಟಿಸಬಾರದಾ ಮಾವಾ? ಊಟ ನಾವ ತಂದ್ಕೋಬಾರದಾ?"

"ಅಂದಿದ್ದೆ. ಕೈ ಹಿಡಿದ್ರ ಅವತ್ತಿಂದ ಮನಿ ಬಿಟ್ಟು ಹೊರಗ ಬರಂಗಿಲ್ಲ ಅಂದ್ಲು. ಆಕಿ ಅಂಥಾಕಿ. ಅದಕ್ಕ ಗಾಡಿಗೋಳಿಗೆ ದನಿ ಕೊಟ್ಟೆ. ಸೀಳಿನ ಸಂಗತಿ ಆಕಿಗೆ ಗೊತ್ತಿಲ್ಲ, ಹೇಳಬ್ಯಾಡ."

"ಮತ್ತ ಗ್ವಾಡಿ ಯಾಕ ನೋಡ್ತೀರಿ?"

ಮಾವ ಲಗ್ನಪತ್ರಿಕೆಯನ್ನು ಮತ್ತೆ ಕೀಬೋರ್ಡಿನ ಕೆಳಗೆ ತುರುಕಿದರು. "ಬಾಗಿಲ ಕಡೆ ನೋಡಿದ್ರ ಓಡಿ ಹೋಗಿ ಕೈ ಹಿಡಿದುಬಿಡ್ತೀನವಾ."

ಮರುದಿನ ಬೆಳಿಗ್ಗೆ ಐದೂ ಗಾರ್ಡುಗಳಿಗೆ ಸೀಳು ಕೊರೆಸಿದೆವು. ಬಿದ್ದ ಅತ್ತೆಯನ್ನು ಕಣ್ಣಾರೆ ಕಂಡಿದ್ದ ಡ್ರೈವರನೇ ಮಾಲೀಕರಿಗೆ ಏನು ಹೇಳಿದನೋ, ಅವರು ಆಮೇಲೆ ಸೀಳಿನ ಮಾತೆತ್ತಲಿಲ್ಲ.

ಒಂದು ಗಂಟೆಗೆ ಮಾವ ಕೈ ಎತ್ತಿದರು. ಮೆಷೀನುಗಳು ನಿಂತವು. ಮಾವನ ಪಕ್ಕದಲ್ಲಿ ನಾನೂ ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತೆ. ಹೊರಗೆ ಒಂದು ಲಾರಿ ನರಳಿತು. ಎರಡು ಕಿರುಚಿದವು. ಮಾವನ ತುಟಿ ಎಣಿಸುತ್ತಿತ್ತು, ನನ್ನದೂ ಎಣಿಸಿತು. ಆಮೇಲೆ ಸದ್ದಿಲ್ಲ. ಅಷ್ಟು ಉದ್ದದ ದಾರಿ ಹೊಸಪೇಟೆಯಲ್ಲಿ ಇನ್ನೊಂದಿಲ್ಲ ಅನಿಸಿತು.

ಹೊಸ್ತಿಲ ಹತ್ತಿರ ಹೊಸ ಡಬ್ಬಿಯ ಮುಚ್ಚಳ ಕಿಣಿ ಎಂದಿತು. ಒಂದು ಗಳಿಗೆ ಅತ್ತೆ ನಮ್ಮ ಉಸಿರು ಆಲಿಸುವಂತೆ ಅಲ್ಲೇ ನಿಂತರು.

"ಇಷ್ಟು ವರ್ಷ ನೀವೊಬ್ರ ನಿಲ್ತಿದ್ರಿ" ಎಂದರು, "ಇವತ್ತೇನು, ಇಬ್ರೂ ಗ್ವಾಡಿ ನೋಡ್ಕೋಂತ ನಿಂತೀರಿ?"