ಶಿವರಾಜುವಿನ ಚಿತ್ರದಲ್ಲಿ ನಾನು ಅತ್ತದ್ದು

ಶಿವರಾಜುವನ್ನು ನಾನು ಮೊದಲು ಕಂಡದ್ದು ನಾನು ಮೇಷ್ಟ್ರಾಗಿ ನಾಟಕ ಆಡಿಸುತ್ತಿದ್ದ ಅರಕಲಗೂಡಿನ ಶಾಲೆಯಲ್ಲಿ. ಎಂಟನೆಯ ತರಗತಿಗೆ ಸೇರಿಸಲು ಅವನ ತಾಯಿ ಪಾರ್ವತಮ್ಮ ಕೈಹಿಡಿದು ಕರೆತಂದಿದ್ದರು.

"ಪಾಠ ಗೀಠ ಕೇಳಾಕಿಲ್ಲ ಸಾ. ಈ ಸ್ಕೂಲಲ್ಲಿ ನಾಟಕ ಮಾಡುಸ್ತಾರಾ ಅಂತವ್ನೆ!"

ಅಂದೇ ಅವನು ನನಗೆ ಪ್ರಿಯಶಿಷ್ಯನಾದ.

ಹೋದ ವರ್ಷ ಅವನು ಹೊಳೆನರಸೀಪುರದ ನನ್ನ ಮನೆಗೆ ಬಂದ. ಗಡ್ಡ ಬೆಳೆದಿತ್ತು, ಮುಖ ಬಾಡಿತ್ತು.

"ಅವ್ವ ಓಗಿ ವರ್ಸ ಆಯ್ತು ಸಾ. ನಂಗೆ ಒಂದು ತೊಟ್ಟು ಕಣ್ಣೀರು ಬರ್ಲಿಲ್ಲ. ಕಲ್ಲೆದೆಯೋನು ಅಂತಾರೆ ಊರಲ್ಲಿ. ಎದೆ ಕಟ್ಕಂಡಂಗದೆ. ಅದ್ನೇ ಒಂದು ಕಿರುಚಿತ್ರ ಮಾಡ್ತೀನಿ. ಎಂಡ್ತಿ ಕಳ್ಕಂಡ ಅಪ್ಪನ ಪಾತ್ರ ನೀವು ಮಾಡ್ಬೇಕು."

"ಅಳುವ ಪಾತ್ರ ತಾನೇ? ಬಿಡು! ಹೇಮಾವತಿಗೇ ಪ್ರವಾಹ ಬರುವಂತೆ ಅಳುತ್ತೇನೆ!" ಎಂದು ಘೋಷಿಸಿದೆ.

ಒಳಗಿನಿಂದ ನನ್ನ ಹೆಂಡತಿ ಕಾಮಾಕ್ಷಮ್ಮನ ದನಿ ಬಂತು: "ನಿಮ್ಮ ಮುಖಕ್ಕೆ ಸಿಟ್ಟು ಬಿಟ್ಟು ಬೇರೇನು ಬರುತ್ತೆ?"

ಚಿತ್ರದ ಬಂಡವಾಳವೆಂದರೆ ನಮ್ಮ ಜಗಲಿ, ಅವನ ಮೊಬೈಲು, ನನ್ನವಳ ಉಪ್ಪಿಟ್ಟು. ಅಳು ಬರಲೆಂದು ನಾನು ಈರುಳ್ಳಿ ಹೆಚ್ಚಿದೆ; ಕಣ್ಣು ಬರಗಾಲದ ಕೆರೆಯಂತೆ ಒಣಗಿಯೇ ಇತ್ತು. ಛಲ ಬಿಡದೆ ಮಂಡಿನೋವಿನ ಮುಲಾಮನ್ನು ರೆಪ್ಪೆಯ ಕೆಳಗೆ ಬಳಿದುಕೊಂಡೆ. ಅಯ್ಯೋ! ನೀರು ಧಾರಾಕಾರ ಸುರಿಯಿತು. ಆದರೆ ಕಣ್ಣೇ ತೆರೆಯಲಾಗಲಿಲ್ಲ!

"ಸಾ, ದುಃಖ ಬತ್ತಿಲ್ಲ. ನೆಗಡಿ ಬಂದಂಗದೆ" ಎಂದ ನಿರ್ದೇಶಕ.

ನನ್ನ ಪಕ್ಕದಲ್ಲಿ ಹಾಡಿ ಅಳಲೆಂದು ಅವನು ಸಾವಿನ ಮನೆಗಳಲ್ಲಿ ಸತ್ತವರ ಹೆಸರು ಕರೆದು ಅಳುವ ತನ್ನ ದೊಡ್ಡವ್ವ ಮಾದಮ್ಮನನ್ನು ಕರೆತಂದಿದ್ದ. ಆಕೆ ಸೆರಗು ಸರಿಮಾಡಿಕೊಂಡು ಕೇಳಿದಳು: "ಯಾರ್ ಸತ್ತವ್ರೆ?"

"ಯಾರೂ ಇಲ್ಲ ದೊಡ್ಡವ್ವ. ಸುಮ್ನೆ ಅಳು."

"ಹೆಸರಿಲ್ದೆ ಎಂಗ್ಲಾ ಅಳದು? ಯಾರ್ನ ಕರೀಲಿ ನಾನು?"

ಕಣ್ಣುರಿಯಲ್ಲಿ ಒದ್ದಾಡುತ್ತಿದ್ದ ನನಗೆ ಬೇರೆ ಹೆಸರು ಹೊಳೆಯಲಿಲ್ಲ. "ಕಾಮಾಕ್ಷಮ್ಮ ಅಂದುಬಿಡಮ್ಮ!" ಎಂದೆ.

"ಓಗ್ಬುಟ್ಯಾ ಕಾಮಾಕ್ಷವ್ವಾ! ಈ ಮೇಷ್ಟ್ರುನ ಯಾರ್ ಕೈಗೆ ಕೊಟ್ ಓದ್ಯವ್ವಾ!" ಬೀದಿ ಬೀದಿಯೇ ನಡುಗಿತು. ಎದುರುಮನೆಯ ರುದ್ರಯ್ಯನವರು ಅರ್ಧ ಗಡ್ಡ ಹೆರೆದುಕೊಂಡೇ ಓಡಿಬಂದರು. ಮೃತಳು ಸೌಟು ಹಿಡಿದು ಬಾಗಿಲಿಗೆ ಬಂದಳು.

"ಏನ್ರೀ ಇದು? ರವೆ ಬೇಯೋಷ್ಟು ಹೊತ್ತೂ ಕಾಯೋಕಾಗಲಿಲ್ವಾ?"

ಮಾದಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ತಪ್ಪಾಯ್ತು ಕಣವ್ವಾ! ನಿನ್ ಆಯಸ್ಸು ಗಟ್ಟಿಯಾಗಿರ್ಲಿ!"

"ನಿಮ್ಮ ತಪ್ಪೇನಿದೆ, ಬಿಡಿ" ಎಂದು ಕಾಮಾಕ್ಷಮ್ಮ ಆಕೆಯ ಪಕ್ಕದಲ್ಲೇ ಕುಳಿತಳು. ಆಮೇಲೆ ಮೆಲ್ಲಗೆ ಹೇಳಿದಳು: "ಹೆಸರು ಬೇಕೇ ಬೇಕಾದರೆ, ಇವನ ತಾಯಿ ಹೆಸರು ಹೇಳಿ."

"ಬ್ಯಾಡ ಅಮ್ಮಾ..." ಎಂದ ಶಿವರಾಜು.

ಮಾದಮ್ಮ ಅವನನ್ನೇ ನೋಡಿದಳು. ಈ ಸಲ ದನಿ ಏರಲಿಲ್ಲ. "ಪಾರ್ವತೀ... ಮಗ ಬತ್ತಾನೆ ಅಂತ ಮುದ್ದೆ ಮುಚ್ಚಿಟ್ಟಿದ್ಯಲ್ಲೇ... ಮಗ ಬಂದವ್ನೆ, ಎದ್ದು ಬಡ್ಸೇ ನನ್ ತಂಗೀ..."

ಶಿವರಾಜು ಮೊಬೈಲನ್ನು ಸ್ಟೂಲಿನ ಮೇಲಿಟ್ಟ. ಹಾಗೆಯೇ ನೆಲಕ್ಕೆ ಕುಸಿದ. ವರ್ಷದಿಂದ ಕಟ್ಟಿಕೊಂಡದ್ದೆಲ್ಲ ಒಮ್ಮೆಲೇ ಒಡೆದು, "ಅವ್ವಾ" ಎಂದು ನಮ್ಮ ಜಗಲಿಯ ಮೇಲೆ ಹೊರಳಿ ಅತ್ತ. ಕಾಮಾಕ್ಷಮ್ಮ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ರುದ್ರಯ್ಯನವರೂ ಸೋಪಿನ ಕೆನ್ನೆ ಒರೆಸಿಕೊಂಡರು. ಕಂಬದಂತೆ ನಿಂತಿದ್ದವನು ನಾನೊಬ್ಬನೇ. ನನ್ನ ಕಣ್ಣೀರಿಗೆ ಮುಲಾಮು ಕಾರಣವೆಂಬುದು ಎಲ್ಲರಿಗೂ ಗೊತ್ತಿತ್ತು.

ಚಿತ್ರ ಅಲ್ಲಿಗೇ ನಿಂತಿತು. "ಇನ್ನ್ಯಾಕೆ ಸಾ ಪಿಕ್ಚರು" ಎಂದುಬಿಟ್ಟ.

ಈಗ ಅವನು ಚನ್ನರಾಯಪಟ್ಟಣದಲ್ಲಿದ್ದಾನೆ. ಮದುವೆಗಳ ವಿಡಿಯೋ ತೆಗೆಯುತ್ತಾನೆ. ಒಳ್ಳೆಯ ಹೆಸರಿದೆ. ಒಂದೇ ತೊಂದರೆ: ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಹೆಣ್ಣಿನ ತಾಯಿಗಿಂತ ಮುಂಚೆ ಇವನೇ ಅಳುತ್ತಾನೆ. ಮೊನ್ನೆ ಹಾಸನದ ಛತ್ರವೊಂದರಲ್ಲಿ ಸಿಕ್ಕಿದ. ಆ ಹೊತ್ತು ಬಂತು. ಕಣ್ಣೊರೆಸಿಕೊಳ್ಳುತ್ತಾ ಓಡಿಬಂದು ಕ್ಯಾಮೆರಾವನ್ನು ನನಗೇ ಕೊಟ್ಟ.

"ವಸಿ ಇಡ್ಕಳಿ ಸಾ. ಈ ಛತ್ರದಲ್ಲಿ ಕೈ ನಡುಗ್ದೆ ಇರೋರು ನೀವೊಬ್ರೇ!"