ಅಸಲಿ ಪೆನ್ನು, ಅಭ್ಯಾಸದ ಪೆನ್ನು

ಇಷ್ಟಕ್ಕೆಲ್ಲ ಕಾರಣ ಎರಡು ಲೇಬಲ್. ಒಂದರ ಮೇಲೆ ‘ಅಸಲಿ’, ಇನ್ನೊಂದರ ಮೇಲೆ ‘ಅಭ್ಯಾಸಕ್ಕೆ’. ಎರಡಕ್ಕೂ ತಾವೇ ಅಕ್ಷರ ಆರಿಸಿ, ತಾವೇ ಅಳತೆ ಹಿಡಿದು, ಪ್ರೆಸ್ಸಿನಲ್ಲಿ ಉಳಿದ ಹೊಳಪು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದು ಅಂಟಿಸಿದವರು ನಮ್ಮ ತಿದ್ದುಪಡಿಯವರು.

ತಿದ್ದುಪಡಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಿಸ್ಕತ್ತು, ಸಾಬೂನು, ಕೆಮ್ಮಿನ ಔಷಧಿಗಳ ಪೊಟ್ಟಣ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಕರಡು ತಿದ್ದಿ ತಿದ್ದಿ, ಕಂಡದ್ದನ್ನೆಲ್ಲ ತಿದ್ದುವ ಚಟ ಅವರಿಗೆ ಅಂಟಿಕೊಂಡಿತ್ತು. ಮೆಟ್ಟಿಲ ಬಳಿಯ ನೋಟೀಸನ್ನು ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕಿದ್ದರು. ಮದುವೆ ಕರೆಯಲು ಬಂದವರಿಗೆ ಮೊದಲು ಪತ್ರಿಕೆಯಲ್ಲಿನ ತಪ್ಪು ತೋರಿಸಿ, ಆಮೇಲೆ ಕುರ್ಚಿ ತೋರಿಸುತ್ತಿದ್ದರು. ‘ನನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಆಚೆ ಹೋಗಲ್ಲ’ ಎಂದು ಅವರು ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು, ಯಾರೂ ಕೇಳದಿದ್ದರೂ.

ಮಗಳಿಗೆ ಎಂಟು ವರ್ಷ. ಐದು ತಿಂಗಳ ಹಿಂದೆ ಗೆಳತಿಯ ಡಬ್ಬಿಯಿಂದ ಒಂದು ಬಿಸ್ಕತ್ತು ತಿಂದಳು. ಅದರಲ್ಲಿ ಕಡಲೆಬೀಜ ಇತ್ತು. ಹತ್ತು ನಿಮಿಷದಲ್ಲಿ ತುಟಿ ಊದಿ, ಉಸಿರು ಸಿಕ್ಕಿಕೊಂಡು, ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯಿತು. ಮಗು ಉಳಿಯಿತು, ಜೊತೆಗೆ ಭಯವೂ ಉಳಿಯಿತು. ಅವತ್ತಿನಿಂದ ಬೇರೆಯವರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಉಯ್ಯಾಲೆಯ ಸರಪಳಿಯನ್ನು ಕರವಸ್ತ್ರದಲ್ಲಿ ಒರೆಸಿ ಕೂರುತ್ತಿದ್ದವಳು ಕೊನೆಗೆ ಉಯ್ಯಾಲೆಗೆ ಹೋಗುವುದನ್ನೇ ಬಿಟ್ಟಳು. ಒಂದು ನೋಟ್‌ಬುಕ್ಕಿನಲ್ಲಿ ‘ಜೋಪಾನ’ ಎಂದು ಬರೆದು ಕೆಳಗೆ ಪಟ್ಟಿ ಮಾಡಿದ್ದಳು: ಕಡಲೆಬೀಜ, ಬಿಸ್ಕತ್ತು, ಬೇರೆಯವರ ಚಮಚ, ಐಸ್‌ಕ್ರೀಂ ಗಾಡಿ, ಕೈ ತೊಳೆಯದ ಮಕ್ಕಳು. ಸಂಜೆ ಉಳಿದ ಮಕ್ಕಳು ಆಡುವಾಗ ಕಿಟಕಿಯ ಸರಳು ಹಿಡಿದು ನೋಡುತ್ತಾ ನಿಲ್ಲುತ್ತಿದ್ದಳು. ಅದನ್ನು ಕಂಡಾಗಲೆಲ್ಲ ತಿದ್ದುಪಡಿಯವರು ಕೈಯಲ್ಲಿದ್ದ ಕರಡನ್ನು ಮಗುಚಿಡುತ್ತಿದ್ದರು.

ಮಕ್ಕಳ ಡಾಕ್ಟರಮ್ಮ ಶಾಲೆಯಲ್ಲಿಡಲು ಒಂದು ಇಂಜೆಕ್ಷನ್ ಪೆನ್ನನ್ನೂ ಮನೆಗೆ ಎರಡನ್ನೂ ಕೊಟ್ಟಿದ್ದರು. ಮನೆಯವುಗಳಲ್ಲಿ ಒಂದು ಅಸಲಿ, ಉಸಿರು ಕಟ್ಟಿದರೆ ತೊಡೆಗೆ ಒತ್ತಬೇಕು. ಇನ್ನೊಂದರಲ್ಲಿ ಸೂಜಿಯೂ ಇಲ್ಲ, ಮದ್ದೂ ಇಲ್ಲ. ಮಗುವಿನ ಭಯ ಬಿಡಿಸಲು ಬರೀ ಅಭ್ಯಾಸಕ್ಕೆ. “ಏನೂ ಆಗಲ್ಲ ಅಂತ ಸುಳ್ಳು ಹೇಳಬೇಡಿ. ಆದರೆ ಏನು ಮಾಡಬೇಕು ಅಂತ ಕಲಿಸಿ. ಭಯ ಪಟ್ಟರೆ ತಪ್ಪಿಲ್ಲ, ನಾನಿದ್ದೀನಿ ಅನ್ನಿ” ಎಂದಿದ್ದರು. ತಿದ್ದುಪಡಿಯವರು ಇದನ್ನು ಕಿವಿಯಲ್ಲಿ ಕೇಳುತ್ತಾ ಕಣ್ಣಲ್ಲಿ ಪೆನ್ನಿನ ಮೇಲಿನ ಅಕ್ಷರ ನೋಡುತ್ತಿದ್ದರು. ಇರುವೆಗಾಲಿನಷ್ಟು ಸಣ್ಣ ಅಕ್ಷರ! ಯಾವ ಅರಸಿಕ ತಿದ್ದಿದನೋ ಎಂದು ಗೊಣಗಿ, ಆ ಶುಕ್ರವಾರವೇ ಪ್ರೆಸ್ಸಿನಲ್ಲಿ ಕೂತು ಹೊಸ ಲೇಬಲ್ ತಯಾರಿಸಿದ್ದರು. ‘ಅಸಲಿ’ ಮೂರು ವಾರದಿಂದ ಮಗಳ ಕೊರಳಿನ ಚೀಲದಲ್ಲಿತ್ತು. ‘ಅಭ್ಯಾಸಕ್ಕೆ’ ಕಪಾಟಿನಲ್ಲೇ ಇತ್ತು; ಅದನ್ನು ಕಂಡರೆ ಮಗಳು ಮಂಚದ ಕೆಳಗೆ ಸೇರುತ್ತಿದ್ದಳು.

ಆ ಭಾನುವಾರ ಮೇಲ್ಮನೆಯ ಹುಡುಗಿಯ ಹುಟ್ಟಿದಹಬ್ಬ. ನಾಲ್ಕು ಗಂಟೆಗೆ ಕೇಕು. ಹೆಂಡತಿ ರೈಲ್ವೆ ಟಿಕೆಟ್ ಕೌಂಟರಿನ ಕೆಲಸಕ್ಕೆ ಹೊರಡುತ್ತಾ ಬಾಗಿಲಲ್ಲಿ ನಿಂತಳು.

“ರೀ, ಇವತ್ತು ಅವಳು ಮೇಲಕ್ಕೆ ಹೋಗಲೇಬೇಕು. ಒಂದು ಗಂಟೆ ಮಕ್ಕಳ ಜೊತೆ ಕೂತು ಬರಲಿ, ಸಾಕು. ಬೈಬೇಡಿ, ನಗಬೇಡಿ. ಪೆನ್ನಿಲ್ಲದೆ ಮಾತ್ರ ಹೊಸ್ತಿಲು ದಾಟಿಸಬೇಡಿ.”

“ನನಗೆ ಹೇಳಿಕೊಡ್ತೀಯಾ?”

“ಇನ್ಯಾರಿಗೆ ಹೇಳಲಿ?” ಎಂದು ಹೋದಳು.

ತಿದ್ದುಪಡಿಯವರು ಕಪಾಟಿನಿಂದ ಪೆನ್ನು ತೆಗೆದು ಕೂತರು. ಬಾಗಿಲು ತೆರೆದೇ ಇದ್ದುದರಿಂದ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಕರೆಯದೆಯೇ ಒಳಗೆ ಬಂದರು. ಅವರ ಹಿಂದೆಯೇ, ಕೇಕಿಗೆ ಮೊಟ್ಟೆ ಸಾಲದೆ ಕೇಳಲು ಬಂದ ಮೇಲ್ಮನೆಯ ಅಜ್ಜಿಯೂ ಬಂದು, ಮೊಟ್ಟೆ ಮರೆತು ಕುರ್ಚಿ ಎಳೆದುಕೊಂಡರು.

“ನಮ್ಮ ಕಾಲದಲ್ಲಿ ಅಲರ್ಜಿ ಎಲ್ಲಿತ್ರೀ?” ಎಂದರು ಹೆಡ್‌ಮಾಸ್ಟರು. “ಮೂವತ್ತೆಂಟು ವರ್ಷ ಪಾಠ ಮಾಡಿದ್ದೀನಿ. ಒಬ್ಬನಿಗೂ ಅಲರ್ಜಿ ಬಂದಿರಲಿಲ್ಲ.”

“ನಿಮ್ಮ ಪಾಠ ಬಿಟ್ಟು ಬೇರೆ ಯಾವುದಕ್ಕೂ ಬಂದಿರಲಿಕ್ಕಿಲ್ಲ” ಎಂದರು ಅಜ್ಜಿ. ಆಮೇಲೆ ಮಗುವಿನ ಕಡೆ ತಿರುಗಿ, “ಅಲ್ಲ ಕಣೇ, ನಮ್ಮ ಮನೆ ಕೇಕಿನಲ್ಲಿ ವಿಷ ಹಾಕಿರ್ತೀವಾ? ನನ್ನ ಕೈಯಡುಗೆ ತಿಂದು ಒಬ್ಬರೂ ಸತ್ತಿಲ್ಲ” ಎಂದರು.

ಮಗಳು ಇನ್ನಷ್ಟು ಗೋಡೆಗೆ ಒತ್ತಿಕೊಂಡಳು.

“ಇದು ಬರೀ ಆಟದ ಪೆನ್ನು ಪುಟ್ಟಿ. ಒಂದು ಸಲ ಒತ್ತು” ಎಂದರು ತಿದ್ದುಪಡಿಯವರು.

“ನೋಯುತ್ತಾ?”

“ಇಲ್ಲವೇ ಇಲ್ಲ.”

“ಹಾಗಾದ್ರೆ ಮೊದಲು ನೀನು ಒತ್ತಿಕೋ.”

ಹೆಡ್‌ಮಾಸ್ಟರು ಹುರಿದುಂಬಿಸಿದರು. “ಹೂಂ, ತೋರಿಸ್ರೀ! ಧೈರ್ಯ ಅನ್ನೋದು ಹಿರಿಯರಿಂದ ಕಿರಿಯರಿಗೆ ಬರಬೇಕು.”

ತಿದ್ದುಪಡಿಯವರು ಎದ್ದು ನಿಂತರು. ಮುಚ್ಚಳ ತೆಗೆದರು. ಸಭೆಯನ್ನು ಒಮ್ಮೆ ನೋಡಿ, “ನೋಡು, ನಗ್ತಾ ನಗ್ತಾ ಒತ್ತಿಕೊಳ್ತೀನಿ” ಎಂದು ತೊಡೆಗೆ ಬಲವಾಗಿ ಒತ್ತಿದರು.

ಟಕ್ ಎಂದಿತು. ನಗು ಅರ್ಧದಲ್ಲೇ ನಿಂತಿತು. ಸೂಜಿ ಇಲ್ಲದ ಪೆನ್ನಿನಿಂದ ಒಂದು ಸೂಜಿ ಬಂದು, ಪ್ಯಾಂಟನ್ನೂ ಅದರೊಳಗಿನ ತಿದ್ದುಪಡಿಯವರನ್ನೂ ತೂರಿ ಒಳಗೆ ಹೋಗಿತ್ತು.

“ಅಯ್ಯಯ್ಯೋ!” ಎಂದು ಕೂಗಿದವರು ಅವರಲ್ಲ, ಹೆಡ್‌ಮಾಸ್ಟರು. ಧೈರ್ಯದ ಪಾಠ ಮಾಡಿದವರು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿದ್ದರು. ತಿದ್ದುಪಡಿಯವರ ಎದೆ ಅಚ್ಚಿನ ಯಂತ್ರದ ಹಾಗೆ ಬಡಿದುಕೊಳ್ಳತೊಡಗಿತು, ಕೈ ಗಡಗಡ ನಡುಗಿತು, ಮುಖ ಬಿಳಿಚಿಕೊಂಡಿತು. “ಸತ್ತೆ! ನಾನು ಸತ್ತೆ! ಪ್ರೆಸ್ಸಿಗೆ ಹೇಳಿಕಳಿಸಿ!” ಎಂದರು. ಅಜ್ಜಿ ಅವರ ತಲೆಗೆ ಎಣ್ಣೆ ತಟ್ಟಲು ಬಾಟಲಿ ಹುಡುಕಿದರು. ಹೆಡ್‌ಮಾಸ್ಟರು ಕಣ್ಣು ಬಿಡದೆಯೇ ಒಂದು ಚೆಂಬು ನೀರು ಎರಚಿದರು. ಅದು ಅಜ್ಜಿಗೆ ಬಿತ್ತು.

ಆಗ ಗೋಡೆ ಬಿಟ್ಟು ಬಂದವಳು ಮಗಳು.

“ಎಲ್ಲರೂ ಸುಮ್ಮನಿರಿ. ಅಜ್ಜಿ, ಎಣ್ಣೆ ಬೇಡ. ಸಾರ್, ನೀವು ಕಾರು ತೆಗೀರಿ. ಅಪ್ಪ, ಕೂತ್ಕೋ.” ಗಡಿಯಾರ ನೋಡಿ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಫೋನಿನ ಪಕ್ಕದಲ್ಲಿದ್ದ ಡಾಕ್ಟರಮ್ಮನ ನಂಬರಿಗೆ ಕರೆ ಮಾಡಿ, ಏನಾಯಿತೆಂದು ಎರಡೇ ಮಾತಿನಲ್ಲಿ ಹೇಳಿದಳು. ಆಮೇಲೆ ಅಪ್ಪನ ನಡುಗುವ ಕೈ ಹಿಡಿದುಕೊಂಡಳು.

“ಭಯ ಪಟ್ಟರೆ ತಪ್ಪಿಲ್ಲ ಅಪ್ಪ. ನಾನಿದ್ದೀನಿ.”

ಹೆಡ್‌ಮಾಸ್ಟರ ಕಾರು ಕ್ಲಿನಿಕ್ಕಿಗೆ ಹೊರಟಿತು. ದಾರಿಯುದ್ದಕ್ಕೂ ಸೈಕಲ್ಲುಗಳು ಅದನ್ನು ಹಿಂದೆ ಹಾಕಿ ಹೋದವು. ತಿದ್ದುಪಡಿಯವರು ಎರಡು ಸಲ ಕೊನೆಯ ಮಾತು ಹೇಳಿದರು, ಎರಡನೆಯ ಸಲ ಮೊದಲನೆಯದನ್ನು ತಿದ್ದಿ ಹೇಳಿದರು.

ಡಾಕ್ಟರಮ್ಮ ನಾಡಿ ನೋಡಿದರು, ಎದೆ ನೋಡಿದರು. “ಜೀವಕ್ಕೇನೂ ಅಪಾಯ ಇಲ್ಲ. ಎರಡು ಗಂಟೆ ಇಲ್ಲೇ ಮಲಗಿರಿ, ನಡುಕ ತಾನಾಗಿ ಹೋಗುತ್ತೆ” ಎಂದು, ಅವರು ಒತ್ತಿಕೊಂಡ ಪೆನ್ನನ್ನು ಕೈಗೆತ್ತಿಕೊಂಡು ಹೊಳಪಿನ ಲೇಬಲನ್ನು ಉಗುರಿನಿಂದ ಕಿತ್ತರು. ಆಮೇಲೆ ಮಗುವಿನ ಕೊರಳಿನ ಚೀಲದಿಂದ ಇನ್ನೊಂದು ಪೆನ್ನು ತೆಗೆದು ಅದರದ್ದನ್ನೂ ಕಿತ್ತರು. ಅವರ ಮುಖದಲ್ಲಿದ್ದ ನಗು ಆರಿಹೋಯಿತು.

“ಈ ಲೇಬಲ್ ಅಂಟಿಸಿದವರು ಯಾರು?”

“ಅಕ್ಷರ ದೊಡ್ಡದಾಗಿರಲಿ ಅಂತ ನಾನೇ…”

“ದೊಡ್ಡದಾಗಿದೆ. ಅದಲುಬದಲೂ ಆಗಿದೆ. ಮೂರು ವಾರದಿಂದ ಈ ಮಗು ಕೊರಳಲ್ಲಿ ಹಾಕಿಕೊಂಡು ತಿರುಗಿದ್ದು ಖಾಲಿ ಪೆನ್ನು.”

ತಿದ್ದುಪಡಿಯವರಿಗೆ ಆ ಶುಕ್ರವಾರ ಕಣ್ಣಿಗೆ ಕಟ್ಟಿತು. ಎರಡು ಪೆನ್ನನ್ನೂ ಒರೆಸಿ ಪಕ್ಕಪಕ್ಕದಲ್ಲಿಟ್ಟು, ಅಕ್ಷರ ನೇರವಾಗಿ ಕೂತಿದೆಯೇ ಎಂದು ನಾಲ್ಕು ಸಲ ನೋಡಿದ್ದರು. ಯಾವುದು ಯಾವುದರ ಮೇಲೆ ಕೂತಿದೆ ಎಂದು ಒಂದು ಸಲವೂ ನೋಡಿರಲಿಲ್ಲ. ಈಗ ಬಂದ ನಡುಕ ಮದ್ದಿನದಲ್ಲ.

“ಹೊಸ ಪೆನ್ನು ನಾಳೆ ಬೆಳಿಗ್ಗೆ ತರಿಸ್ತೀನಿ. ಶಾಲೆಯಲ್ಲಿಟ್ಟಿರೋ ಇನ್ನೊಂದು ಇವತ್ತು ಸಿಗಲ್ಲ, ಭಾನುವಾರ. ಅಲ್ಲಿವರೆಗೆ ಹೊರಗಿನದು ಏನೂ ಬೇಡ” ಎಂದ ಡಾಕ್ಟರಮ್ಮ ಮಗುವಿನ ತಲೆ ಸವರಿದರು. “ನೀನು ಮಾತ್ರ ಎಲ್ಲ ಸರಿಯಾಗಿ ಮಾಡಿದೆ ಮರಿ.”

ಮನೆಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಮಗಳು ಒಳಗೆ ಹೋಗಿ, ಹೊಸ ಫ್ರಾಕು ಹಾಕಿಕೊಂಡು, ತಾನೇ ತಲೆ ಬಾಚಿಕೊಂಡು ಬಂದು ನಿಂತಳು.

“ಅಪ್ಪ, ನಾನು ಮೇಲಕ್ಕೆ ಹೋಗ್ತೀನಿ. ನಿನಗೇ ಚುಚ್ಚಿ ನಿನಗೇ ಏನೂ ಆಗಲಿಲ್ಲ. ನನಗೆ ಈಗ ಭಯ ಇಲ್ಲ.”

ಐದು ತಿಂಗಳು ಕಾದಿದ್ದ ಮಾತು. ತಿದ್ದುಪಡಿಯವರಿಗೆ ಕುಣಿಯಬೇಕು ಅನ್ನಿಸಿತು, ತೊಡೆ ಬಿಡಲಿಲ್ಲ. ಆಮೇಲೆ ನೆನಪಾಯಿತು. ಪೆನ್ನಿಲ್ಲದೆ ಹೊಸ್ತಿಲು ದಾಟಿಸುವ ಹಾಗಿಲ್ಲ, ಪೆನ್ನು ಅವರ ತೊಡೆಯಲ್ಲಿ ಖರ್ಚಾಗಿತ್ತು. ಇದನ್ನು ಹೇಳಿದಾಗ ಮಗಳು ಅತ್ತಳು. ಈ ಸಲ ಹೆದರಿ ಅಲ್ಲ, ಸಿಟ್ಟಿನಿಂದ.

ಮೇಲೆ ಚಪ್ಪಾಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಜ್ಜಿ ತಟ್ಟೆಯಲ್ಲಿ ಕೇಕು ಹಿಡಿದು ಇಳಿದು ಬಂದರು, ಹಿಂದೆ ಬಾಯಿಗೆ ಕ್ರೀಮು ಮೆತ್ತಿಕೊಂಡ ಹೆಡ್‌ಮಾಸ್ಟರು.

“ಮಗು ಬರದಿದ್ದರೆ ಕೇಕೇ ಬರುತ್ತೆ. ತಿನ್ನು ಕಂದ.”

“ಹೊರಗಿನದು ಬೇಡ ಅಂದಿದ್ದಾರೆ ಅಜ್ಜಿ” ಎಂದರು ತಿದ್ದುಪಡಿಯವರು.

“ಇದು ಹೊರಗಿನದಾ? ಮೇಲಿನದಲ್ವೇನಪ್ಪಾ!”

“ಏನೇನು ಹಾಕಿದ್ದೀರಿ ಅಜ್ಜಿ?” ಎಂದಳು ಮಗಳು, ನೋಟ್‌ಬುಕ್ ತೆರೆದು, ಥೇಟ್ ಇನ್‌ಸ್ಪೆಕ್ಟರ್ ಗತ್ತಿನಲ್ಲಿ.

“ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ. ಮೇಲೆ ಉದುರಿಸಿದ್ದು ಈ ಚಾಕಲೇಟ್ ಚೂರು. ಕೇಳ್ತೀಯ ಅಂತ ಪೊಟ್ಟಣಾನೂ ತಂದಿದ್ದೀನಿ, ಓದಿಕೋ.”

ಮಗಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಕಡಲೆಬೀಜದ ಸುದ್ದಿಯೇ ಇರಲಿಲ್ಲ. ಕೊನೆಯ ಸಣ್ಣ ಸಾಲಿಗೆ ಬಂದಾಗ ಅವಳ ಮುಖ ಅರಳಿತು.

“ಅಪ್ಪ! ನಿಮ್ಮ ಪ್ರೆಸ್ಸಿನ ಹೆಸರು! ಇದನ್ನ ತಿದ್ದಿದ್ದು ನೀನಾ?”

ತಿದ್ದುಪಡಿಯವರು ಎದೆಯುಬ್ಬಿಸಿ ಪೊಟ್ಟಣ ತೆಗೆದುಕೊಂಡರು. “ನಾನೇ! ನನ್ನ ಕಣ್ಣು ತಪ್ಪಿಸಿ…”

“ಹಾಗಾದ್ರೆ ಭಯ ಇಲ್ಲ” ಎಂದು ಮಗಳು ಚಮಚ ತುಂಬಿಕೊಂಡಳು.

ಪೊಟ್ಟಣ ತಿದ್ದಿದ ದಿನ ಯಾವುದೆಂದು ಅವರಿಗೆ ಆ ಕ್ಷಣದಲ್ಲಿ ನೆನಪಾಯಿತು. ಅದೇ ಶುಕ್ರವಾರ. ಮೇಜಿನ ಎಡಗಡೆ ಈ ಪೊಟ್ಟಣದ ಕರಡು, ಬಲಗಡೆ ‘ಅಸಲಿ’, ‘ಅಭ್ಯಾಸಕ್ಕೆ’. ಲೇಬಲಿನ ಅಕ್ಷರ ಆರಿಸುವ ಸಡಗರದಲ್ಲಿ ಕರಡಿಗೆ ಸಹಿ ಮಾತ್ರ ಹಾಕಿದ್ದರು.

“ಬೇಡ!” ಎಂದು ಕಿರುಚಿ ಚಮಚಕ್ಕೆ ಕೈ ಬೀಸಿದರು. ಕೇಕು ಹಾರಿ ಹೆಡ್‌ಮಾಸ್ಟರ ಕನ್ನಡಕದ ಮೇಲೆ ಕೂತಿತು. ಕುಂಟುತ್ತಾ ಹೋಗಿ ಆಫೀಸಿನ ಚೀಲ ಸುರಿದು, ಗಿರಾಕಿ ಕೊಟ್ಟಿದ್ದ ಮೂಲ ಪ್ರತಿಯನ್ನು ಹುಡುಕಿ ತೆಗೆದರು. ಅದರ ಕೊನೆಯ ಸಾಲು ಸ್ಪಷ್ಟವಾಗಿತ್ತು: ‘ಇದರಲ್ಲಿ ಕಡಲೆಬೀಜದ ಚೂರು ಸೇರಿದೆ.’ ಪೊಟ್ಟಣದಲ್ಲಿ ಆ ಸಾಲು ಬಿಟ್ಟುಹೋಗಿತ್ತು. ಅಂಥ ಪೊಟ್ಟಣ ಊರ ತುಂಬ ಅಂಗಡಿಗಳಲ್ಲಿ ನೇತಾಡುತ್ತಿತ್ತು.

ತಿದ್ದುಪಡಿಯವರು ಸುರಿದ ಚೀಲದ ಪಕ್ಕದಲ್ಲೇ ನೆಲದ ಮೇಲೆ ಕೂತರು. ಫೋನು ಎಳೆದುಕೊಂಡು ಪ್ರೆಸ್ಸಿನ ಯಜಮಾನರಿಗೆ ಎಲ್ಲ ಹೇಳಿದರು. ಪೊಟ್ಟಣಗಳನ್ನೆಲ್ಲ ಇವತ್ತೇ ವಾಪಸು ತರಿಸಬೇಕೆಂದರು. ಯಜಮಾನರು ಏನಂದರೋ, ಆ ಕಡೆಯಿಂದ ಬಹಳ ಹೊತ್ತು ಕೂಗು ಕೇಳಿಸುತ್ತಿತ್ತು. ಅಜ್ಜಿ ಮಾತ್ರ, “ನನ್ನ ಕೇಕಿಗೆ ಹೆಸರಿಟ್ಟೆಯಲ್ಲಪ್ಪಾ” ಎಂದು ಉಳಿದ ಕೇಕಿನ ತಟ್ಟೆ ಎತ್ತಿಕೊಂಡು ಹೋದರು.

ಐದು ಗಂಟೆಗೆ ಹೆಂಡತಿ ಬಂದಳು. ಗಂಡ ನೆಲದ ಮೇಲೆ, ಮಗಳು ಹೊಸ ಫ್ರಾಕಿನಲ್ಲಿ ಕಿಟಕಿಯ ಬಳಿ.

“ಹೋಗಲಿಲ್ವಾ? ಮತ್ತೆ ಹೆದರಿಕೊಂಡಳಾ?”

“ನನಗೆ ಹೆದರಿಕೆ ಇಲ್ಲಮ್ಮ. ಜೋಪಾನ, ಅಷ್ಟೇ” ಎಂದಳು ಮಗಳು. ಬರೆದು ಮುಗಿಸಿ, ನೋಟ್‌ಬುಕ್ಕನ್ನು ಅಪ್ಪನ ಮುಂದೆ ಹಿಡಿದಳು. “ಸರಿಯಾಗಿದೆಯಾ ನೋಡು ಅಪ್ಪ.”

ಪಟ್ಟಿಗೆ ಆರನೆಯ ಸಾಲು ಸೇರಿತ್ತು: ‘ಅಪ್ಪ ಓದಿ ಸರಿ ಅಂದಿದ್ದು.’

ತಿದ್ದುಪಡಿಯವರ ಕೈ ಅಭ್ಯಾಸದಂತೆ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಎರಡು ಸಲ ಓದಿದರು. ತಿದ್ದುವಂಥದ್ದು ಏನೂ ಇರಲಿಲ್ಲ.