ಕೂದಲೆಳೆ ಬಿರುಕಿಗೆ ಇಡೀ ಸೀಲಿಂಗ್ ಪಣ

ಬಸವನ ಬಾಗೇವಾಡಿಯ ಕಲ್ಯಾಣ ಮಂಟಪದ ಮಾಲೀಕರು ಇಟ್ಟ ಷರತ್ತು ಇಷ್ಟೇ: ವರ್ಷದೊಳಗೆ ಜಿಪ್ಸಮ್ ಸೀಲಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎಲ್ಲ ಇಳಿಸಿ, ನನ್ನ ಖರ್ಚಿನಲ್ಲೇ ಹೊಸದು ಹಾಕಿಕೊಡಬೇಕು. ಕಾಣದಿದ್ದರೆ ಪಕ್ಕದ ಊಟದ ಹಾಲ್ ಕೆಲಸವೂ ನನಗೇ. ನಾನು ಒಪ್ಪಿದೆ. ಜಿಪ್ಸಮ್ ಬೋರ್ಡು ಮಾರಿ, ಸೀಲಿಂಗ್ ಕೆಲಸವನ್ನೂ ಮಾಡಿಸುವ ಈ ಧಂದೆಯಲ್ಲಿ ಫಜೀತಿಗೆ ಬರವಿಲ್ಲ. ಆದರೆ ಬೋರ್ಡು ತಾನಾಗಿ ಬಿರುಕು ಬಿಟ್ಟದ್ದನ್ನು ಕಂಡದ್ದು ಕಡಿಮೆ. ಬಿಡಿಸುವವರನ್ನು ಕಂಡದ್ದೇ ಹೆಚ್ಚು.

೧. ಇಂಡಿ ಊರಿನ ಗೃಹಪ್ರವೇಶ

ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಹೊಸ ಮನೆ. ಬೋರ್ಡಿನ ಸಂದುಗಳಿಗೆ ತುಂಬಿದ ಲೇಪ ಇನ್ನೂ ಹಸಿ. ತಾನಾಗಿ ಒಣಗಲಿ, ಅವಸರ ಮಾಡಬೇಡಿ ಎಂದು ಹೇಳಿ ಬಂದಿದ್ದೆ. ಮುಹೂರ್ತ ಕಾಯುತ್ತದೆಯೇ? ಅವರು ಪ್ರತಿ ಸಂದಿನ ಕೆಳಗೆ ಒಂದೊಂದು ಕೆಂಡದ ಶೇಗಡಿ ಇಟ್ಟರು. ಸಂದು ಒಣಗಿತು, ಬತ್ತಿದ ಕೆರೆಯಂತೆ ಬಿರಿಯಿತು. ಫೋನಿನಲ್ಲಿ ನಾನು ರೇಗಿದೆ. ಅವರು ಸಮಾಧಾನವಾಗಿಯೇ ಇದ್ದರು.

“ಹಸಿ ಇದ್ದಾಗ ಒಂದೂ ಬಿರುಕು ಇರಲಿಲ್ಲರಿ ಸಾವ್ಕಾರ್ರ. ಅದನ್ನ ಹಸೀನ ಇಡೂ ದಾರಿ ಇದ್ರ ಹೇಳ್ರಿ.”

೨. ಸಿಂದಗಿಯ ತೊಟ್ಟಿಲು

ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ತೊಟ್ಟಿಲು ಕಟ್ಟುವ ಹಳೆಯ ಕೊಂಡಿ ನಾನು ಹಾಕಿದ ಸೀಲಿಂಗಿನ ಮೇಲ್ಗಡೆ ಮುಚ್ಚಿಹೋಗಿತ್ತು. ಮನೆಯ ಅಳಿಯ ಜಾಣತನದಿಂದ ಬೋರ್ಡಿಗೇ ಹೊಸ ಕೊಂಡಿ ತಿರುವಿದ. ಪುಣ್ಯಕ್ಕೆ ಅಜ್ಜಿ ಮೊದಲು ತೊಟ್ಟಿಲಲ್ಲಿ ಜೋಳದ ಚೀಲ ಇಟ್ಟು ತೂಗಿದಳು. ಎರಡೇ ತೂಗಿಗೆ ಸೀಲಿಂಗ್ ಉದ್ದಕ್ಕೂ ಸೀಳಿ, ಚೀಲದ ಸಮೇತ ತುಂಡು ಕೆಳಗೆ ಬಂತು. ಸುದ್ದಿ ಕೇಳಿ ಹೋದವನು, ಭಾರವೇನಿದ್ದರೂ ಮೇಲಿನ ಸ್ಲ್ಯಾಬಿನಿಂದ ಇಳಿಬಿಡಬೇಕು, ಬೋರ್ಡು ಹೊರುವುದು ತನ್ನ ಭಾರವನ್ನಷ್ಟೇ ಎಂದು ತಿಳಿಸಿ ಹೇಳಿದೆ. ಅಜ್ಜಿ ಅಳಿಯನತ್ತ ತಿರುಗಿ ನೋಡಿದಳು.

“ತನ್ನ ಭಾರ ತಾ ಹೊತ್ಗೊಂಡು ಸುಮ್ಮನಿರಾಕ ಇಂವ ಅದಾನಲ್ಲೋ ಯಪ್ಪಾ. ಮತ್ತ ಇದನ್ಯಾಕ ರೊಕ್ಕ ಕೊಟ್ಟು ತರಬೇಕಿತ್ತು?”

೩. ಮುದ್ದೇಬಿಹಾಳದ ಟೇಪು

ಬಟ್ಟೆ ಅಂಗಡಿಯೊಂದರಲ್ಲಿ ಸಂದು ಸಂದೂ ಬಿರುಕು. ಎರಡು ಬೋರ್ಡು ಕೂಡುವಲ್ಲಿ ಜಾಳಿಗೆ ಟೇಪು ಹಚ್ಚಿ, ಅದರ ಮೇಲೆ ಲೇಪ ಎಳೆಯಬೇಕು. ಹಚ್ಚೇನಿ ಎಂದು ಮೇಸ್ತ್ರಿ ದೇವರಾಣೆ ಮಾಡಿದ. ಉಗುರಿನಿಂದ ಕೆರೆದರೆ ಟೇಪಿನ ಸುಳಿವೇ ಇಲ್ಲ. ಸಿಟ್ಟಿನಿಂದ ಹೊರಗೆ ಬಂದರೆ ಅವನ ಬೈಕಿನ ಸೀಟಿಗೆ ನನ್ನ ಟೇಪು ಸುತ್ತಿತ್ತು. ಒಳಗೆ ಕರೆದೊಯ್ದು, ಎಲ್ಲ ಸಂದನ್ನೂ ಕೆರೆಸಿ, ನಿಂತು ಟೇಪು ಹಚ್ಚಿಸಿದೆ. ಏಣಿಯ ಮೇಲಿಂದಲೇ ಅವನು ಹೇಳಿದ:

“ಸೀಟು ಸೀಳಿತ್ತರಿ. ನಿಮ್ಮ ಟೇಪ್ ಹಚ್ಚಿದ ಮ್ಯಾಲ ಒಂದಾದ್ರೂ ಬಿರುಕು ಬಿಟ್ಟೈತೇನು, ನೀವ ನೋಡ್ರಿ.”

೪. ಬಾಗೇವಾಡಿಯ ಗೆರೆ

ಹೀಗಾಗಿ ಮಂಟಪದ ಕೆಲಸ ಮುಗಿಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಫ್ಯಾನು ಸ್ಲ್ಯಾಬಿಗೆ, ಟೇಪು ಸಂದಿಗೆ; ಒಣಗುವ ತನಕ ಬ್ರಷ್ ಮುಟ್ಟಗೊಡಲಿಲ್ಲ. ಉದ್ದನೆಯ ಹಾಲ್, ನಮ್ಮ ಬಿಸಿಲಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೆಂದೇ ನಡುವೆ ಅಡ್ಡಕ್ಕೆ ಬೆರಳಗಲ ಸಂದು ಖಾಲಿ ಬಿಡಿಸಿದೆ.

ವರ್ಷ ತುಂಬುವ ಮೊದಲೇ ಮಾಲೀಕರ ಫೋನು. ಬಿರುಕು ಬಂದೈತಿ, ಬರ್ರಿ ಎಂದರು; ದನಿಯಲ್ಲಿ ಗೆದ್ದ ಖುಷಿ. ಹೋಗಿ ನೋಡಿದರೆ ನಿಜ: ಈ ಗೋಡೆಯಿಂದ ಆ ಗೋಡೆಗೆ ದಾರ ಹಿಡಿದಂತೆ ಗೆರೆ. ಖಾಲಿ ಬಿಟ್ಟ ಜಾಗದಲ್ಲೇ. ಇದನ್ನು ತುಂಬಿದವರಾರು ಎಂದೆ. ಅಲ್ಲೇ ನಿಂತಿದ್ದ ಮಂಟಪದ ಪೇಂಟರ್ ಮಾಲೀಕರ ಮುಖ ನೋಡಿದ. ಕೆಲಸ ಅರ್ಧ ಬಿಟ್ಟಾರ ಎಂದು ಮದುವೆಗೆ ಬಂದ ಬೀಗರು ಆಡಿಕೊಂಡದ್ದಕ್ಕೆ ಮಾಲೀಕರೇ ಅಲ್ಲಿ ಪೇಂಟಿನ ಪುಟ್ಟಿ ತುಂಬಿಸಿದ್ದರು.

ನಾನು ವಾದಕ್ಕಿಳಿಯಲಿಲ್ಲ. ಏಣಿ ಹತ್ತಿ ಪುಟ್ಟಿಯನ್ನೆಲ್ಲ ಕೆರೆದು ತೆಗೆದೆ. ಮಾಲೀಕರು ಆ ಸಂದಿಗೆ ಬೆರಳು ಮಾಡಿದರು.

“ನಾ ತೋರ್ಸಿದ್ದು ಕೂದಲೆಳಿ. ಅದನ್ನ ಬೆರಳಗಲ ಮಾಡಿ ರಿಪೇರಿ ಆತು ಅಂತೀರಲ್ರಿ?”

ಈ ಬೇಸಿಗೆ ದಾಟಲಿ, ಆಗ ಒಂದು ಬಿರುಕು ತೋರಿಸಿದರೂ ಎಲ್ಲ ಇಳಿಸುತ್ತೇನೆ ಎಂದೆ. ಬೇಸಿಗೆ ದಾಟಿತು. ಅವರು ದಿನಾ ಕತ್ತೆತ್ತಿ ಹುಡುಕಿದರು, ಸಿಗಲಿಲ್ಲ. ಕೊನೆಗೆ ಊಟದ ಹಾಲ್‌ಗೆ ನನ್ನನ್ನು ಕರೆಸಿ ಪೇಂಟರ್‌ಗೆ ಹೇಳಿದರು: “ಬಿರುಕು ಎಲ್ಲಿ ಬೇಕಂತ ಮೊದಲ ಸಾವ್ಕಾರ್ರನ್ನ ಕೇಳು. ಸೀಲಿಂಗ್ ಆಮ್ಯಾಲ.”

ಒಟ್ಟು ಲಾಭ: ಹಾಕಿದ ಸೀಲಿಂಗ್ ಹಾಕಿದಲ್ಲೇ ಉಳಿಯಿತು, ಊಟದ ಹಾಲ್ ನನ್ನದಾಯಿತು. ಕತ್ತು ನೋವು ಮಾತ್ರ ಮಾಲೀಕರ ಪಾಲು.